ಬಾಗಿಲು ಕಾದವಳ ನೆಗಡಿ

ಮಗಳು ಬಾಣಂತನಕ್ಕೆಂದು ಹೊಸನಗರದ ನಮ್ಮ ಮನೆಗೆ ಬಂದಾಗ ನನಗೆ ಬಾಗಿಲು ಕಾಯುವ ಅಧಿಕಾರ ಸಿಕ್ಕಿತು. ನೆಗಡಿಯಾದವರು ಒಳಗೆ ಬರಕೂಡದು, ಸೋಪು ಹಚ್ಚಿ ಕೈ ತೊಳೆಯದೆ ಮಗುವನ್ನು ಮುಟ್ಟಕೂಡದು, ಮುತ್ತಂತೂ ಯಾರೂ ಕೊಡಕೂಡದು. ಇದು ಅವಳ ಕಾನೂನು. ಮೂವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳ ಮಾತು ಕೇಳಿಸಿಕೊಂಡು ತೆಪ್ಪಗೆ ಕೂತಿದ್ದವಳು ನಾನು. ಸಿಕ್ಕಿದ್ದನ್ನು ಬಿಡುತ್ತೇನೆಯೇ?

ಕೋಣಂದೂರಿನಿಂದ ನಾದಿನಿ ಮಗುವಿಗೊಂದು ಕುಲಾವಿ ಹೊಲಿದುಕೊಂಡು, ಎರಡು ಬಸ್ಸು ಹತ್ತಿ ಬಂದಳು. ಮೆಟ್ಟಿಲ ಮೇಲೆ ಒಂದೇ ಒಂದು ಸಲ ಸೀನಿದಳು. ಅಲ್ಲೇ ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಮೊಬೈಲಿನಲ್ಲಿ ಮಗುವಿನ ಫೋಟೋ ತೋರಿಸಿ ಕಳಿಸಿದೆ. ಗಂಡನ ತಂಗಿಯನ್ನು ಹೊರಗೆ ಕೂರಿಸುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ನಾನು ಸುಖಪಟ್ಟೆ, ಸುಳ್ಳು ಯಾಕೆ ಹೇಳಲಿ.

ವಾರ ಕಳೆಯುವುದರೊಳಗೆ ನನ್ನದೇ ಮೂಗು ಸೋರತೊಡಗಿತು. ಹೇಳಿದರೆ ಎರಡು ತಿಂಗಳ ಮೊಮ್ಮಗ ನಾಲ್ಕೈದು ದಿನ ಕೈಗೆ ಸಿಗುವುದಿಲ್ಲ. ಹಾಗಾಗಿ ಸೀನು ಬರುವ ಸೂಚನೆ ಸಿಕ್ಕಿದ ಕೂಡಲೇ ಅಡುಗೆಮನೆಗೆ ಓಡುತ್ತಿದ್ದೆ. ಎಣ್ಣೆ ಕಾಯಿಸಿ, ಸಾಸಿವೆಯ ಜೊತೆ ಎರಡು ಒಣಮೆಣಸು ಮುರಿದು ಹಾಕಿ, ಮನಸಾರೆ ಸೀನಿ, ಅಬ್ಬಾ ಏನು ಘಾಟು ಎಂದು ಮನೆಗೆಲ್ಲ ಕೇಳುವಂತೆ ಸಾರುತ್ತಿದ್ದೆ. ಆ ವಾರ ನಮ್ಮ ಮನೆಯಲ್ಲಿ ಒಗ್ಗರಣೆ ಬೀಳದ ಪದಾರ್ಥ ಉಳಿಯಲಿಲ್ಲ. ಹಿಂದಿನ ದಿನದ ಗೊಜ್ಜಿಗೂ ಮತ್ತೆ ಒಗ್ಗರಣೆ ಯಾಕೆ ಎಂದು ನಮ್ಮವರು ಮೆಲ್ಲಗೆ ಕೇಳಿದರು. ಸೀನು ನಿಂತ ಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದೆ. ಯಾರೂ ನೋಡದಿದ್ದರೆ ಒಂದು ಮುತ್ತು.

ಮೂರ್ನಾಲ್ಕು ದಿನಕ್ಕೆ ಮಗುವಿಗೂ ನೆಗಡಿ, ಆಮೇಲೆ ಕೆಮ್ಮು. ಒಂದು ಬೆಳಿಗ್ಗೆ ನೋಡಿದರೆ ಉಸಿರು ಬೇರೆಯೇ ಥರ. ಎದೆಯಲ್ಲಿ ಸುಂಯ್‌ಗುಟ್ಟುತ್ತಿತ್ತು, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎರಡು ಗುಟುಕು ಹಾಲು ಕುಡಿಯುವಷ್ಟರಲ್ಲಿ ದಣಿದು ಬಾಯಿ ಬಿಡುತ್ತಿದ್ದ. ಎಷ್ಟು ಹೊತ್ತಾದರೂ ಬಟ್ಟೆ ಒದ್ದೆಯಾಗಿರಲಿಲ್ಲ. ಆದರೂ ಕಲಿತ ಬುದ್ಧಿ ಎಲ್ಲಿ ಹೋಗುತ್ತದೆ? ಕಫ ಕಟ್ಟಿದೆ, ಸಾಂಬ್ರಾಣಿ ಹೊಗೆ ಹಿಡಿದರೆ ಸಡಿಲವಾಗುತ್ತದೆ ಎಂದು ಕೆಂಡ ತುಂಬಿದ ಮಡಕೆ ತಂದೆ. ಮಗಳು ಅದನ್ನು ಕಸಿದುಕೊಂಡು ಅಂಗಳಕ್ಕೊಯ್ದು ನೀರು ಸುರಿದಳು.

"ಅವ್ನಿಗೆ ಗಾಳಿನೇ ಸಾಕಾಗ್ತಿಲ್ಲ ಅಮ್ಮ. ಹೊಗೆ ಎಂತಕ್ಕೆ?" ಎಂದಳು.

ಪಕ್ಕದ ಮನೆಯವರ ಕಾರಿನಲ್ಲಿ ಸಾಗರಕ್ಕೆ ಹೊರಟೆವು. ರಸ್ತೆಯ ಗುಂಡಿಗಳಿಗೆ ಬೈಯಲೂ ಅವತ್ತು ನನಗೆ ಬಾಯಿ ಬರಲಿಲ್ಲ.

ಮಕ್ಕಳ ಡಾಕ್ಟರು ಮೂಗು ಸ್ವಚ್ಛ ಮಾಡಿಸಿ ಆಕ್ಸಿಜನ್ ಹಾಕಿಸಿದರು. ಶ್ವಾಸಕೋಶದ ಸಣ್ಣ ನಾಳಗಳು ಊದಿಕೊಂಡಿವೆ, ಬ್ರಾಂಕಿಯೋಲೈಟಿಸ್ ಎಂದರು. ವೈರಸ್ಸಿನಿಂದ ಬಂದದ್ದು, ಆಂಟಿಬಯೋಟಿಕ್ಕಿನಿಂದ ಹೋಗುವುದಲ್ಲ. ಉಸಿರನ್ನೂ ಹಾಲನ್ನೂ ನೋಡಿಕೊಂಡರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ತಡಮಾಡದೆ ತಂದದ್ದು ಒಳ್ಳೆಯದಾಯಿತು ಎಂದರು. ದೊಡ್ಡವರಿಗೆ ಬರೀ ನೆಗಡಿ ಎನಿಸುವುದು ಇಷ್ಟು ಸಣ್ಣವರಿಗೆ ಹೀಗಾಗಬಹುದಂತೆ. ಆಮೇಲೆ, ಮನೆಯಲ್ಲಿ ಯಾರಿಗಾದರೂ ನೆಗಡಿ ಇತ್ತೇ ಎಂದು ಕೇಳಿದರು.

ಮಗಳು ನೆಲ ನೋಡುತ್ತ, ಯಾರಿಗೂ ಇರಲಿಲ್ಲ ಎಂದಳು.

"ನಂಗಿತ್ತು ಡಾಕ್ಟ್ರೇ," ಎಂದೆ. "ಮುಚ್ಚಿಟ್ಟಿದ್ದೆ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನೆಗಡಿ ಪೂರ್ತಿ ಹೋಗುವವರೆಗೆ ವಾರ್ಡಿನ ಹೊರಗಿರಿ ಎಂದರು ಅಷ್ಟೆ. ಮಾಸ್ಕ್ ಹಾಕಿಕೊಂಡು ಬೆಂಚಿನ ಮೇಲೆ ಕೂತೆ. ಆ ಎರಡು ದಿನ ನನ್ನ ಮುಖ ನನಗೇ ಬೇಡವಾಗಿತ್ತು.

ಮೂರನೆಯ ದಿನ ಆಕ್ಸಿಜನ್ ತೆಗೆದರು. ಮಗು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತು ಎಂದು ಹೇಳಲು ಮಗಳು ಹೊರಗೆ ಬಂದಳು. ಬೇಕಾದರೆ ಎರಡೇಟು ಹೊಡಿ, ಹೀಗೆ ಸುಮ್ಮನಿರಬೇಡ ಎಂದೆ. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ನಂಗೆ ಗೊತ್ತಿತ್ತಮ್ಮ. ನಿನ್ ದನಿ ಕೇಳಿದ್ರೇ ಗೊತ್ತಾಗ್ತಿತ್ತು. ನೀನು ಅವ್ನನ್ನ ಎತ್ಕೊಂಡ್ರೆ ನಂಗೊಂದ್ ಗಂಟೆ ನಿದ್ದೆ ಸಿಕ್ತಿತ್ತು. ಅದ್ಕೇ ಸುಮ್ನಿದ್ದೆ."

ಎರಡು ತಿಂಗಳಲ್ಲಿ ಒಂದು ಸಲವೂ ನಾನು ಅವಳನ್ನು ನಿದ್ದೆ ಮಾಡಿದೆಯಾ ಎಂದು ಕೇಳಿರಲಿಲ್ಲ.