ಹನ್ನೊಂದು ಮನೆಗೆ ಒಂದು ಬಾವಿ

ಕುರುಗೋಡಿನಿಂದ ನಾನು ಶಾಲೆಯ ಶಿಕ್ಷಕಿಯಾಗಿ ಬಳ್ಳಾರಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ಊರು ಆಗ ಅಡ್ಡಾದಿಡ್ಡಿ ಬೆಳೆಯುತ್ತಿತ್ತು. ಜೋಳದ ಹೊಲಗಳಲ್ಲಿ ಗಡಿಕಲ್ಲು ನೆಟ್ಟು ಗೋಡೆ ಎಬ್ಬಿಸುತ್ತಿದ್ದರು. ಚರಂಡಿಯ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಸಂಗನಕಲ್ಲು ರಸ್ತೆಯ ಕಡೆ ಅಂಥದೊಂದು ಹೊಸ ಬಡಾವಣೆಯಲ್ಲಿ ನನಗೆ ಬಾಡಿಗೆ ಕೋಣೆ ಸಿಕ್ಕಿತು. ಒಂದೇ ಅಂಗಳಕ್ಕೆ ನಾಲ್ಕು ಸಂಸಾರ, ಮಧ್ಯೆ ಬಾವಿ. ನೀರು ಸಿಹಿಯಾಗಿತ್ತು.

ಎರಡೇ ವರ್ಷದಲ್ಲಿ ಮಾಲೀಕ ಅಂಗಳದಲ್ಲೆಲ್ಲ ಕೋಣೆ ಕಟ್ಟಿಸಿದ. ಗಣಿಯ ಲಾರಿ ಓಡಿಸುವವರು, ಹತ್ತಿ ಮಿಲ್ಲಿನವರು, ಸಿರುಗುಪ್ಪದಿಂದ ಬಂದ ಒಬ್ಬ ಟೇಲರನ ಸಂಸಾರ, ಹೀಗೆ ಹನ್ನೊಂದು ಮನೆಗಳಾದವು. ಪಾಯಿಖಾನೆ ಸಾಲದೆ ಇನ್ನೊಂದು ಕಟ್ಟಿಸಿದ. ಅದರ ಗುಂಡಿ ತೋಡಿಸಿದ್ದು ಬಾವಿಯಿಂದ ಹತ್ತು ಹೆಜ್ಜೆಗೆ.

ಮಳೆ ಬಿದ್ದಿದ್ದೇ ನೀರು ನಾರತೊಡಗಿತು. ಕೊಡದ ತಳದಲ್ಲಿ ಹಳದಿ ಲೋಳೆ ಕೂರುತ್ತಿತ್ತು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ತಂಬಿಗೆ ಎತ್ತಿದರೆ ಒಳಗೆ ಬಿಳಿ ಹುಳ ಹೊರಳುತ್ತಿತ್ತು. ಅಲ್ಲೇ ಕಟ್ಟೆಯ ಪಕ್ಕ ವಾಂತಿ ಮಾಡಿಕೊಂಡೆ. ಮಾಲೀಕನನ್ನು ಕರೆದು ತೋರಿಸಿದೆ. ಅವನು ಬಾವಿಯೊಳಗೆ ಇಣುಕಿ, "ಹೊಸ ನೀರು ಬಂದೈತಿ ಟೀಚರಮ್ಮ. ಅರಿವಿ ಕಟ್ಟಿ ಸೋಸಿಕೊಳ್ರಿ," ಅಂದು ಎಲೆಅಡಿಕೆ ಉಗುಳಿ ಹೋದ.

ನಾನು ಜಗಳ ಮಾಡಲಿಲ್ಲ. ಶಾಲೆಯಲ್ಲಿ ನಲ್ಲಿ ಇತ್ತು. ದಿನಾ ಸಂಜೆ ಒಂದು ಡಬ್ಬ ನೀರು ಚೀಲದಲ್ಲಿ ಮುಚ್ಚಿ ತರತೊಡಗಿದೆ. ತಂದದ್ದು ಗೊತ್ತಾದರೆ ಉಳಿದವರೂ ಕೇಳುತ್ತಾರೆಂಬ ಅಂಜಿಕೆ. ಟೇಲರನ ಹೆಂಡತಿ ಒಮ್ಮೆ ಕೇಳಿದಳು. "ಅಕ್ಕಾರ, ಈ ನೀರು ನೀವು ಕುಡೀತೀರೇನ್ರಿ?"

"ಕಾಸಿ ಕುಡೀತೀನಿ," ಅಂದೆ. ಅದೇ ವಾರ ತರಗತಿಯಲ್ಲಿ ಶುದ್ಧ ನೀರಿನ ಪಾಠ ಮಾಡಿದ್ದೆ.

ಆಕೆಯ ಆರು ವರ್ಷದ ಮಗಳಿಗೆ ಕಾಮಾಲೆ ಆಯಿತು. ಕಣ್ಣು, ಉಗುರು ಎಲ್ಲ ಹಳದಿ. ನೋಡಲು ಬಂದ ಡಾಕ್ಟರು ಬಾವಿಯ ಹತ್ತಿರ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, "ಇದನ್ನ ಕುಡೀತೀರಾ?" ಎಂದರು. ಟೇಲರನ ಹೆಂಡತಿ ನನ್ನ ಕಡೆ ತಿರುಗಿ, "ಟೀಚರಮ್ಮನೂ ಇದನ್ನ ಕುಡೀತಾರ್ರಿ," ಅಂದಳು.

ಆ ರಾತ್ರಿಯೇ ನಗರಸಭೆಗೆ ಅರ್ಜಿ ಬರೆದೆ. ಹನ್ನೊಂದು ಮನೆಯವರ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಬಹಳ ದಿನದ ಮೇಲೆ ಇಬ್ಬರು ಬಂದು ಬಿಳಿ ಪುಡಿ ಸುರಿದು, ಬಾವಿ ಬಳಸಕೂಡದೆಂದು ಹೇಳಿ ಹೋದರು. ಬೀದಿಯ ಕೊನೆಗೆ ಒಂದು ನಲ್ಲಿಯೂ ಬಂತು. ಮಗು ಬದುಕಿಕೊಂಡಿತು. ಅದರ ಅಪ್ಪ ಹೊಲಿಗೆ ಮಷೀನು ಕಟ್ಟಿಕೊಂಡು ಸಂಸಾರ ಸಮೇತ ಸಿರುಗುಪ್ಪಕ್ಕೆ ವಾಪಸು ಹೋದ. ಬಸ್ಸಿಗೆ ಹೊರಡುವಾಗ ಅವನ ಹೆಂಡತಿ ನನ್ನ ಕೈ ಹಿಡಿದು, ಅರ್ಜಿ ಬರೆದದ್ದಕ್ಕೆ ಪುಣ್ಯ ಬರಲಿ ಅಂದಳು. ಡಬ್ಬದ ಮಾತು ಬಾಯಿಗೆ ಬಂದರೂ ಆಡಲಿಲ್ಲ.

ತಿಂಗಳೊಳಗೆ ಮಾಲೀಕ ಬಾವಿಗೆ ಕಲ್ಲು ಚಪ್ಪಡಿ ಹಾಸಿ, ಅದರ ಮೇಲೆ ಹನ್ನೆರಡನೆಯ ಕೋಣೆ ಕಟ್ಟಿಸಿದ. ಸುಣ್ಣ ಇನ್ನೂ ಹಸಿ ಇರುವಾಗಲೇ ಹೊಸದಾಗಿ ಮದುವೆಯಾದ ಗಂಡಹೆಂಡತಿ ಸಾಮಾನು ಇಳಿಸಿದರು. ನೆಲದಿಂದ ಏನೋ ವಾಸನೆ ಬರುತ್ತದೆ ಎಂದು ಆ ಹುಡುಗಿ ನನ್ನನ್ನೇ ಕೇಳಿದಳು. ಈ ಸಲ ಇದ್ದದ್ದನ್ನು ಇದ್ದಂತೆ ಹೇಳಿದೆ. ಆಕೆ ಗಂಡನ ಮುಖ ನೋಡಿದಳು. ಬೇರೆ ಕಡೆ ಮನೆ ಎಲ್ಲಿ ಸಿಗುತ್ತದೆ ಎನ್ನುತ್ತ ಅವನು ಪೆಟ್ಟಿಗೆಯನ್ನು ಒಳಗೆ ಒಯ್ದ.