ತಡೀರಿ ಮೇಡಂ ಅವರ ಬಲಗೈ

ಬೆಳಕು ಆಗಷ್ಟೇ ಹರಿಯುತ್ತಿದೆ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ತಣ್ಣನೆಯ ಕೋಣೆಯಲ್ಲಿ, ಸ್ವೆಟರಿನ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ತಮ್ಮ ಬಲಗೈಯ ಮೇಲೆ ತಾವೇ ಕೂತಿದ್ದಾರೆ. ಹೌದು, ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು! ಎದುರಿನ ಕಂಪ್ಯೂಟರಿನ ಕಪ್ಪು ಪರದೆಯ ಬಿಳಿ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದಾರೆ. “ಮೊದಮೊದಲು ಯಾರಿಗೋ ಬೈತಿದಾರೆ ಅನ್ಕೊಂಡಿದ್ದೆ,” ಎಂದು ಬಾಗಿಲ ಬಳಿಯ ಕಾವಲುಗಾರ ನಗುತ್ತಾನೆ.

ಆಸ್ಪತ್ರೆಗೆಲ್ಲ ಇವರು ‘ತಡೀರಿ ಮೇಡಂ’. ಯಾರು ಎಷ್ಟೇ ಅವಸರ ಮಾಡಿದರೂ ಇವರ ಬಾಯಿಂದ ಮೊದಲು ಬೀಳುವ ಮಾತು ಅದೇ. ಆಸ್ಪತ್ರೆಯ ಎಲ್ಲ ಕಂಪ್ಯೂಟರುಗಳೂ ನೆಚ್ಚಿಕೊಂಡ ಸರ್ವರ್ ಎಂಬ ದೊಡ್ಡ ಯಂತ್ರವನ್ನು ನೋಡಿಕೊಳ್ಳುವುದು ಇವರ ಕೆಲಸ. ಅದರೊಳಗಿನ ತಂತ್ರಾಂಶಗಳು ಎಲ್ಲವನ್ನೂ ತಾವೇ ಮಾಡಿಕೊಳ್ಳುವುದಿಲ್ಲ. ಲೈಬ್ರರಿ ಎಂಬ ಸಿದ್ಧ ಪ್ಯಾಕೇಜುಗಳನ್ನು ಹಂಚಿಕೊಂಡು ಬಳಸುತ್ತವೆ. ಅವನ್ನು ಹಾಕುವುದು, ಹೊಸದು ಮಾಡುವುದು, ತೆಗೆಯುವುದು, ಎಲ್ಲವೂ ಇವರು ಟೈಪಿಸುವ ಒಂದೊಂದು ಸಾಲಿನಿಂದ. “ಕೂಡು ಕುಟುಂಬ ಇದ್ದ ಹಾಗೆ ಕಣ್ರೀ. ಒಂದೇ ಮಿಕ್ಸಿ, ನಾಲ್ಕು ಸೊಸೆಯಂದಿರು. ಹಳೇದಾಯ್ತು ಅಂತ ಎಸೆಯೋಕೆ ಮುಂಚೆ ನಾಲ್ಕು ಜನರನ್ನೂ ಕೇಳ್ಬೇಕು.”

ಇವತ್ತು ಲೈಬ್ರರಿಯೊಂದರಲ್ಲಿ ತೂತು ಪತ್ತೆಯಾಗಿದೆ. ಹಾಗೇ ಬಿಟ್ಟರೆ ರೋಗಿಗಳ ವಿವರಕ್ಕೆ ಹೊರಗಿನವರು ಕೈ ಹಾಕಬಹುದು. ಹೊಸದನ್ನು ಹಾಕೆಂದರೆ ಯಂತ್ರ ಕೇಳುತ್ತದೆ: ಹಾಕುತ್ತೇನೆ, ಜೊತೆಗೆ ಯಾರಿಗೂ ಬೇಡವಾದ ಇಷ್ಟನ್ನು ಅಳಿಸುತ್ತೇನೆ, ಒಪ್ಪಿಗೆಯೇ? ‘ವೈ’ ಎಂಬ ಒಂದು ಅಕ್ಷರ ಒತ್ತಿದರೆ ಮುಗಿಯಿತು.

ಆ ಒಂದಕ್ಷರ ಇವರಿಗೆ ಚೆನ್ನಾಗಿ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒತ್ತಿ ಒತ್ತಿ ರೂಢಿಯಾದ ಬೆರಳು, ಕಣ್ಣು ಓದುವ ಮುಂಚೆಯೇ ಅದನ್ನು ಒತ್ತಿಬಿಟ್ಟಿತ್ತು. ರಕ್ತನಿಧಿಯ ಲೇಬಲ್ ಮುದ್ರಿಸುವ ತಂತ್ರಾಂಶಕ್ಕೆ ಬೇಕಾದ ಪ್ಯಾಕೇಜು ಆ ಒಂದು ಒತ್ತಿಗೇ ಅಳಿಸಿಹೋಯಿತು. ಆ ತಂತ್ರಾಂಶವನ್ನು ಹಿಂದಿನವರು ಯಾರೋ ಕೈಯಾರೆ ತಂದಿಟ್ಟಿದ್ದರು. ಯಂತ್ರದ ಲೆಕ್ಕದಲ್ಲೇ ಅದು ಇರಲಿಲ್ಲ, ಹಾಗಾಗಿ ಅದರ ಪ್ಯಾಕೇಜು ಯಾರಿಗೂ ಬೇಡವೆಂದು ಯಂತ್ರ ಎಣಿಸಿತ್ತು. ಲೇಬಲ್ ಇಲ್ಲದ ರಕ್ತದ ಚೀಲ ಆಪರೇಷನ್ ಕೋಣೆಗೆ ಹೋಗುವಂತಿಲ್ಲ. ನರ್ಸ್‌ಗಳು ಕೈಯಲ್ಲೇ ಬರೆದು, ಇಬ್ಬಿಬ್ಬರು ತಾಳೆ ನೋಡಿ ಕಳಿಸಬೇಕಾಯಿತು.

“ರಕ್ತನಿಧಿ ಕಿಟಕಿ ಹತ್ರ ಒಬ್ಬರು ನಿಂತಿದ್ರು. ಹೆಂಡತಿ ಆಪರೇಷನ್ ಕೋಣೇಲಿ. ಬೈಲಿಲ್ಲ, ಕೂಗ್ಲಿಲ್ಲ. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಸುಮ್ನೆ ನಿಂತಿದ್ರು. ಆಯಮ್ಮ ಉಳ್ಕೊಂಡ್ರು, ಸದ್ಯ. ಆ ಚಪ್ಪಲಿ ಮಾತ್ರ ಇನ್ನೂ ಕಣ್ಣಿಂದ ಹೋಗಿಲ್ಲ.” ಎಲ್ಲರೂ ಯಂತ್ರವನ್ನು ಬೈದರು. ಇವರೇ ಹೋಗಿ, “ಮಿಷನ್ನಲ್ಲ, ನಾನು,” ಎಂದರು. ಅಂದಿನಿಂದ ಓದಿ ಮುಗಿಯುವ ತನಕ ಬಲಗೈಗೆ ಬಿಡುಗಡೆ ಇಲ್ಲ.

ಓದುತ್ತಿದ್ದ ದನಿ ತಟ್ಟನೆ ನಿಲ್ಲುತ್ತದೆ. “ಬಂದೆಯೇನಪ್ಪಾ ಮತ್ತೆ!” ಅಳಿಸುವವುಗಳ ಸಾಲಿನಲ್ಲಿ ಅದೇ ಲೇಬಲ್ ಪ್ಯಾಕೇಜು ಕೂತಿದೆ. ಹಿಂದೆಯೇ ಅದನ್ನು ಯಂತ್ರ ಅಳಿಸದಂತೆ ಬೀಗ ಹಾಕಿದ್ದರಂತೆ. ಕಳೆದ ತಿಂಗಳು ಸರ್ವರ್ ಬದಲಾದಾಗ ಆ ಬೀಗ ಹಳೆಯದರಲ್ಲೇ ಉಳಿದುಹೋಗಿದೆ. ಎಡಗೈಯಿಂದ ‘ಬೇಡ’ ಎನ್ನುತ್ತಾರೆ. ಇದನ್ನು ಮುಟ್ಟಬೇಡವೆಂದು ಮತ್ತೆ ಗುರುತು ಹಾಕಿ, ಇನ್ನೊಮ್ಮೆ ಆಜ್ಞೆ ಕೊಟ್ಟು, ಇನ್ನೊಮ್ಮೆ ಪೂರ್ತಿ ಓದುತ್ತಾರೆ. ಆಮೇಲಷ್ಟೇ ಜೋಮು ಹಿಡಿದ ಬಲಗೈ ಹೊರಬಂದು ‘ವೈ’ ಒತ್ತುತ್ತದೆ.

ಫೋನು ಬಡಿದುಕೊಳ್ಳುತ್ತದೆ. ರಕ್ತನಿಧಿಯ ಸಿಸ್ಟರ್. “ಮೇಡಂ, ಆಯ್ತಾ? ಮೊದಲ್ನೇ ಆಪರೇಷನ್‌ಗೆ ಚೀಲ ಕೇಳ್ತಿದಾರೆ!”

“ತಡೀರಿ. ಒಂದು ಲೇಬಲ್ ಹೊಡೆದು ನೋಡಿ.”

ಇವರು ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ. ಆಮೇಲೆ ಫೋನಿನಲ್ಲಿ ಟರ್ರ್ ಎಂದು ಪ್ರಿಂಟರ್ ಕೇಳಿಸುತ್ತದೆ.

“ಬಂತು ಮೇಡಂ.”

ಮೇಡಂ ಚಹಾ ಹಿಡಿದು ಮೇಲೆ ಬಂದಾಗ ರಕ್ತನಿಧಿಯ ಕಿಟಕಿಯ ಬಳಿ ಯಾರದೋ ಕನ್ನಡಕ ಹಿಡಿದುಕೊಂಡು ಹುಡುಗಿಯೊಬ್ಬಳು ನಿಂತಿದ್ದಾಳೆ. ಲೇಬಲ್ ಅಂಟಿಸಿದ ಚೀಲ ಅವಳ ಮುಂದೆಯೇ ಆಪರೇಷನ್ ಕೋಣೆಗೆ ಹೋಗುತ್ತದೆ. ಅವಳು ಬೆಂಚಿನ ಮೇಲೆ ಕೂರುತ್ತಾಳೆ. ಪಕ್ಕದಲ್ಲಿ ಚಹಾ ಕುಡಿಯುತ್ತಿರುವವರು ಯಾರೆಂದು ಅವಳಿಗೆ ಗೊತ್ತಿಲ್ಲ.

ಅಷ್ಟರಲ್ಲಿ ಮನೆಯಿಂದ ಅತ್ತೆಯ ಫೋನು. ಸೊಸೆಯ ಕೆಲಸದಲ್ಲಿ ಹೇಳಿಕೊಳ್ಳುವಂಥ ಸುದ್ದಿಯೇ ಇಲ್ಲವೆಂಬುದು ಅವರ ನಿತ್ಯದ ತಕರಾರು. “ಏನಾಯ್ತೇ ಇವತ್ತಾದ್ರೂ?”

“ಏನೂ ಆಗ್ಲಿಲ್ಲ ಅತ್ತೆ,” ಎನ್ನುತ್ತಾರೆ. ಆಹಾ, ಆ ದನಿಯಲ್ಲಿ ಅದೆಂಥ ಜಂಬ!