ತಗಡಿನ ಆಚೆಯ ಕೆರೆತ

ಗೋವಾದ ಝುವಾರಿನಗರದಲ್ಲಿ ಯಮನಪ್ಪನ ಬಾಡಿಗೆ ಖೋಲಿಗೂ ದೇವುವಿನ ಖೋಲಿಗೂ ನಡುವೆ ಗೋಡೆಯೆಂದು ಇದ್ದದ್ದು ಒಂದೇ ತಗಡು. ಆಚೆಯಿಂದ ದೇವು ತೊಡೆಸಂದಿ ಕೆರೆದುಕೊಳ್ಳುವ ಸದ್ದು ಕೇಳಿದರೆ ಯಮನಪ್ಪನಿಗೆ ಪಿತ್ತ ನೆತ್ತಿಗೇರುತ್ತಿತ್ತು. "ನಾಯಿಗತೆ ಕೆರಕೋಬ್ಯಾಡಲೇ!" ಎಂದು ತಗಡು ಬಡಿಯುತ್ತಿದ್ದ.

ಹೋದ ತಿಂಗಳು ದೇವು ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ಸತ್ತ. ಅಲ್ಲಿ ದುಡಿಯುತ್ತಿದ್ದ ಅವನ ಊರಿನವರು ಅವನ ಸಾಮಾನು ಹಂಚಿಕೊಂಡಾಗ ಯಮನಪ್ಪನ ಪಾಲಿಗೆ ಒಂದು ಚಾದರ, ಅರ್ಧ ಹಿಂಡಿದ ಮುಲಾಮಿನ ಟ್ಯೂಬು ಬಂದವು. ಸಿಮೆಂಟು ಹೊತ್ತು, ಬೆವೆತು, ಯಮನಪ್ಪನಿಗೂ ತೊಡೆಸಂದಿಯಲ್ಲೇ ತುರಿಕೆ ಎದ್ದಿತ್ತು. ನಾಚಿಕೆಗೆ ಯಾರಿಗೂ ಹೇಳದೆ ಹಚ್ಚಿಕೊಂಡ. ಟ್ಯೂಬಿನ ಮೇಲೆ ದೇವುವಿನ ಹೆಬ್ಬೆರಳು ಒತ್ತಿದ ತಗ್ಗಿತ್ತು. ಯಮನಪ್ಪನ ಹೆಬ್ಬೆರಳು ಅದರೊಳಗೆ ಸರಿಯಾಗಿ ಕೂತಿತು. ಎರಡು ದಿನ ಹಾಯೆನಿಸಿತು. ಆಮೇಲೆ ವೃಷಣದ ಚರ್ಮವೆಲ್ಲ ಕೆಂಪೇರಿ ಬೆಂಕಿಯಂತೆ ಉರಿಯಿತು.

ತಡೆಯಲಾರದೆ ತೋರಿಸಲು ಹೋದಾಗ ಡಾಕ್ಟರು, ಉರಿಗೆ ಇದೇ ಕಾರಣವೆಂದು ಆ ಟ್ಯೂಬನ್ನು ಕಸದ ಬುಟ್ಟಿಗೆ ಎಸೆದು ಬೇರೆ ಮುಲಾಮು ಬರೆದುಕೊಟ್ಟರು.

ಭಾನುವಾರ ಮಧ್ಯಾಹ್ನ ಯಮನಪ್ಪ ಮಲಗಿದ್ದಾಗ ಕೇಳಿಸಿತು: ಕರ್, ಕರ್. ತನ್ನ ಕೈ ನೋಡಿಕೊಂಡ. ಎರಡೂ ಎದೆಯ ಮೇಲಿದ್ದವು. ಆಚೆಯ ಖೋಲಿಗೆ ಬೀಗ ಬಿದ್ದು ತಿಂಗಳಾಗಿತ್ತು. ಬಡಿಯಲು ಎತ್ತಿದ ಕೈಯನ್ನು ತಗಡಿನ ಮೇಲೆ ಮೆಲ್ಲಗೆ ಇಟ್ಟ. ಬಿಸಿಲಿಗೆ ಸುಡಬೇಕಾದ ತಗಡು ತಣ್ಣಗಿತ್ತು.

"ದೇವು, ಆ ಟ್ಯೂಬ್ ಹಚ್ಚಬ್ಯಾಡೋ. ಕೆಲಸದಿಂದ ಬಂದಕೂಡ್ಲೆ ಸಿಮೆಂಟ್ ಹತ್ತಿದ ಚಡ್ಡಿ ತಗದು ಬರೇ ನೀರಾಗ ತೊಳಕೋ, ಸಾಬೂನ ತಿಕ್ಕಬ್ಯಾಡ. ಮೆತ್ತಗ ಒರಸಿ ಸಡಿಲ ಕಾಟನ್ ಚಡ್ಡಿ ಹಾಕ್ಕೋ. ಡಾಕ್ಟರ್ ಹೇಳ್ಯಾರ."

ಕೆರೆತ ನಿಂತಿತು. ಆಚೆಯಿಂದ ಸಣ್ಣ ದನಿ ಬಂತು:

"ಮೊದಲ ಯಾಕ ಹೇಳಲಿಲ್ಲಣ್ಣಾ?"